ಸದ್ದಿಲ್ಲದ ಕಾರು ಮತ್ತು ಮೇಚೇರಿಯ ದೊಡ್ಡಮ್ಮ

ಯಂತ್ರಗಳ ವಿಷಯ ನನಗೆ ಏನೇನೂ ತಿಳಿಯದು. ಆದರೆ ಯಂತ್ರಗಳ ಭವಿಷ್ಯದ ವಿಷಯ ಕೇಳಿ, ಸಾರು ಆರಿ ತಣ್ಣಗಾಗುವವರೆಗೂ ಹೇಳಬಲ್ಲೆ. ಭವಿಷ್ಯ ಹೇಳುವವನಿಗೆ ಒಂದು ದೊಡ್ಡ ಅನುಕೂಲವಿದೆ. ಈ ತಿರುಪನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಮೇಟ್ಟೂರಿನ ಅಣೆಕಟ್ಟು ಮುಗಿದ ಹೊಸತು. ಅಲ್ಲಿ ನೀರು ಬೀಳುವ ರಭಸಕ್ಕೆ ಕರೆಂಟು ಹುಟ್ಟಿ, ತಂತಿಯ ಮೇಲೆ ಓಡಿಕೊಂಡು ಸೇಲಂಗೆ ಬರುತ್ತದಂತೆ ಎಂಬ ಸುದ್ದಿ ಕನ್ನಡ ನೇಕಾರರಿರುವ ನಮ್ಮ ಗುಗೈ ಬೀದಿಗೆ ಬಂದ ದಿನದಿಂದ ನಾನು ಮಗ್ಗದ ಮುಂದೆ ಕೂತದ್ದಕ್ಕಿಂತ ಜಗುಲಿಯ ಮೇಲೆ ಕೂತದ್ದೇ ಹೆಚ್ಚು. ಇನ್ನು ಮೇಲೆ ಗಾಡಿಗಳೆಲ್ಲ ಕರೆಂಟಿನಲ್ಲೇ ಓಡುತ್ತವೆ, ಹುಣಸೆಮರಕ್ಕೊಂದು ಕಂಬ ನಿಲ್ಲಿಸಿ ಅದರಿಂದ ಕಾರಿಗೆ ಕರೆಂಟು ತುಂಬಿಸುತ್ತಾರೆ, ಪೆಟ್ರೋಲ್ ಡಬ್ಬಗಳಲ್ಲಿ ಹೆಂಗಸರು ತುಳಸಿ ನೆಡುತ್ತಾರೆ ಎಂದೆಲ್ಲ ನಾನು ಹೇಳುತ್ತಿದ್ದರೆ, ಒಳಗಿನಿಂದ ನನ್ನ ಹೆಂಡತಿ ಗೌರಿ ಕೂಗುತ್ತಿದ್ದಳು: "ಕರೆಂಟು ಬರೋದು ಬರ್ಲಿ, ಮೊದ್ಲು ನೀವು ಒಳಕ್ಕೆ ಬನ್ನಿ. ಲಾಳಿ ನಿಂತೈತೆ."

ನನ್ನ ಮಾತನ್ನು ನಂಬದೆ ಇದ್ದವನು ಎದುರು ಮನೆಯ ಗೋವಿಂದಣ್ಣ. ಸೀರೆಯ ದಲ್ಲಾಳಿ. ಅವನ ಬಳಿ ಒಂದು ಪೆಟ್ರೋಲ್ ಮೋಟರ್ ಸೈಕಲ್ ಇತ್ತು. ಬೆಳಗ್ಗೆ ಅದನ್ನು ಎಬ್ಬಿಸುವುದೆಂದರೆ ಬೀದಿಯನ್ನೇ ಎಬ್ಬಿಸುವುದು. ಒದೆಯುವುದು, ಬೈಯುವುದು, ಬೇಡಿಕೊಳ್ಳುವುದು, ಮತ್ತೆ ಒದೆಯುವುದು. ಕೊನೆಗೆ ಅದು ಒಮ್ಮೆ ಕೆಮ್ಮಿ ಕಪ್ಪು ಹೊಗೆ ಬಿಟ್ಟು ಹೊರಟಿತೆಂದರೆ ನಮ್ಮ ಅಂಗಳದಲ್ಲಿ ಒಣಗಲು ಹಾಕಿದ ನೂಲಿಗೆಲ್ಲ ಅದೇ ವಾಸನೆ. ಆದರೂ ಅವನು ನನಗೆ ಹೇಳುತ್ತಿದ್ದ: "ಲೇ ವೆಂಕಟಾ, ಸದ್ದಿಲ್ದಿರೋ ವಂಡಿ ಒಂದು ವಂಡಿನೇನ್ಲಾ? ಗಂಡಸು ಓಗ್ತಾವ್ನೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಬ್ಯಾಡ್ವಾ?"

ಹೀಗೆ ಮಾತಿನಲ್ಲೇ ಮುಗಿಯಬೇಕಾಗಿದ್ದ ಸಂಗತಿ ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತದ್ದು ಹಸ್ತಂಪಟ್ಟಿಯ ಡಾಕ್ಟರಮ್ಮನಿಂದ. ಆಕೆ ಬಿಳಿಯ ಹೆಂಗಸು, ತುಂಬ ವಯಸ್ಸಾಗಿತ್ತು. ಅವರ ಬಂಗಲೆಗೆ ಟವೆಲು, ಹಾಸಿಗೆ ಬಟ್ಟೆ ಎಲ್ಲ ನಮ್ಮ ಮಗ್ಗದಿಂದಲೇ ಹೋಗುತ್ತಿದ್ದವು. ಅವರು ಹರೆಯದಲ್ಲಿ ಹಡಗಿನಲ್ಲಿ ತರಿಸಿದ ಒಂದು ಬ್ಯಾಟರಿ ಕಾರು ಶೆಡ್ಡಿನಲ್ಲಿ ಕೋಳಿಗಳಿಗೆ ಆಸರೆಯಾಗಿ ನಿಂತಿತ್ತು. ಊರಿಗೆ ಹೊರಟು ನಿಂತಾಗ ಮೇಜು, ಕುರ್ಚಿ, ಪಿಯಾನೋ ಎಲ್ಲಕ್ಕೂ ಗಿರಾಕಿ ಸಿಕ್ಕಿದರು, ಕಾರಿಗೆ ಯಾರೂ ಸಿಕ್ಕಲಿಲ್ಲ. ನಾನು ಕೊನೆಯ ಸಲ ಟವೆಲು ಕೊಡಲು ಹೋದವನು ಅದರ ಭವಿಷ್ಯದ ಬಗ್ಗೆ ನಾಲ್ಕು ಮಾತು ಹೇಳಿದೆ. ಡಾಕ್ಟರಮ್ಮ ಕಣ್ಣರಳಿಸಿ ಕೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಇಷ್ಟು ಅರ್ಥಮಾಡಿಕೊಂಡವನ ಕೈಗೇ ಇದು ಹೋಗಬೇಕು ಎಂದುಬಿಟ್ಟರು. ಮಾತಿನಿಂದ ಕೆಟ್ಟವರನ್ನು ಕಂಡಿದ್ದೆ, ಮಾತಿನಿಂದ ಕಾರು ಪಡೆದವನು ನಾನೊಬ್ಬನೇ ಇರಬೇಕು.

ಅದನ್ನು ಎತ್ತು ಕಟ್ಟಿ ಎಳೆಸಿಕೊಂಡು ಬೀದಿಗೆ ತಂದಾಗ ಜನ ಸೇರಿದರು. ನೋಡಲು ಅದು ಕಾರಿನಂತೆ ಇರಲಿಲ್ಲ. ನಾಲ್ಕೂ ಕಡೆ ಗಾಜು, ಎತ್ತರದ ಮೇಲ್ಛಾವಣಿ, ಒಳಗೆ ಮೆತ್ತೆಯ ಪೀಠ. ಯಾವುದೋ ಜಮೀನ್ದಾರರ ಮನೆಯ ಪಲ್ಲಕ್ಕಿಗೆ ಚಕ್ರ ಹಾಕಿದಂತಿತ್ತು. ಮುಂದೆ ಎಂಜಿನ್ ಇಲ್ಲ. ಹಿಂದೆ ಮುಂದೆ ಎರಡು ಪೆಟ್ಟಿಗೆಗಳ ತುಂಬ ಬ್ಯಾಟರಿ. ತಿರುಗಿಸಲು ದುಂಡನೆಯ ಚಕ್ರವಿಲ್ಲ, ದೋಣಿಯ ಚುಕ್ಕಾಣಿಯಂತೆ ಒಂದು ಉದ್ದನೆಯ ಹಿಡಿ. ಇನ್ನೊಂದು ಹಿಡಿಯನ್ನು ಮುಂದಕ್ಕೆ ನೂಕಿದರೆ ಓಡುತ್ತದೆ, ಹಿಂದಕ್ಕೆಳೆದರೆ ನಿಲ್ಲುತ್ತದೆ. ಕಾಲಿನ ಹತ್ತಿರ ಬ್ರೇಕು. ಅಷ್ಟೇ. ಶೆವ್ವಾಪೇಟೆಯ ಅಕ್ಕಿ ಗಿರಣಿಯಲ್ಲಿ ದೀಪಕ್ಕೆಂದು ಒಂದು ಡೈನಮೋ ಇತ್ತು. ಗಿರಣಿಯವರ ಕೈಕಾಲು ಹಿಡಿದು ಅಲ್ಲಿ ಕರೆಂಟು ತುಂಬಿಸಿಕೊಂಡೆ. ಬ್ಯಾಟರಿಗೆ ದ್ರಾವಕ ಹಾಕುವುದು ನನ್ನ ಪಾಲಿನ ಕೆಲಸವಾಯಿತು. ಒಂದೆರಡು ವಾರದಲ್ಲಿ ನನ್ನ ಪಂಚೆಗಳೆಲ್ಲ ಸಣ್ಣ ಸಣ್ಣ ತೂತು ಬಿದ್ದು ಜರಡಿಯಾದವು. "ಊರಿಗೆಲ್ಲ ಜರಿ ಅಂಚು ನೇಯ್ತೀರಿ, ನಿಮಗೆ ಮಾತ್ರ ತೂತಿನ ಅಂಚು" ಎಂದು ಗೌರಿ ಅವನ್ನು ಬಿಸಿಲಿಗೆ ಹಿಡಿದು ನೋಡಿ ನಗುತ್ತಿದ್ದಳು.

ಓಡಿಸಲು ಮೊದಲು ಕೂತವನು ನಾನೇ. ಹಿಡಿಯನ್ನು ಬಲಕ್ಕೆ ತಳ್ಳಿದರೆ ಕಾರು ಎಡಕ್ಕೆ ತಿರುಗುತ್ತದೆ ಎಂಬುದು ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮಾರಿಯಮ್ಮನ ಗುಡಿಯ ಹತ್ತಿರದ ಬೇಲಿಯೊಳಗೆ ಹೋಗಿ ನಿಂತೆ. ಗೋವಿಂದಣ್ಣ ಕೂತ. ಅವನು ಎಂಜಿನ್ ಎಲ್ಲಿ, ಗೇರ್ ಎಲ್ಲಿ, ಒದೆಯುವುದು ಎಲ್ಲಿ ಎಂದು ಹುಡುಕುತ್ತಲೇ ಹಿಂದಕ್ಕೆ ಹೋಗಿ ನೀರಿನ ತೊಟ್ಟಿಗೆ ಗುದ್ದಿದ. ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗೌರಿ, ಸೆರಗು ಸಿಕ್ಕಿಸಿಕೊಂಡು, "ಸರೀರಿ, ನಾನೊಂದ್ಸಲ ನೋಡ್ತೀನಿ" ಎಂದಳು. ಕೂತಳು. ಕಾರು ಬೀದಿಯ ಆ ತುದಿಗೆ ಹೋಯಿತು, ತಿರುಗಿತು, ಈ ತುದಿಗೆ ಬಂದು ನಮ್ಮ ಮನೆಯ ಮುಂದೆ ಮೆಟ್ಟಿಲಿಗೆ ಸರಿಯಾಗಿ ನಿಂತಿತು. ದಿನವೂ ಕಾಲಲ್ಲಿ ಹಲಗೆ ತುಳಿಯುತ್ತ ಎರಡೂ ಕೈಯಲ್ಲಿ ಬೇರೆ ಬೇರೆ ಕೆಲಸ ಮಾಡುವವಳಿಗೆ ಇದು ಇನ್ನೊಂದು ಮಗ್ಗವಾಗಿತ್ತು. ಹಾಗಾದರೆ ನಾನೂ ಮಗ್ಗದವನೇ ಅಲ್ಲವೆ ಎಂದು ನೀವು ಕೇಳಬಹುದು. ನಾನು ನೇಯ್ದ ಸೀರೆಗಳನ್ನು ನೀವು ನೋಡಿಲ್ಲ.

ಅಂದಿನಿಂದ ಓಡಿಸುವುದು ಗೌರಿಯ ಪಾಲಿಗೆ ಹೋಯಿತು. ನನಗೂ ಒಂದು ಹುದ್ದೆ ಸಿಕ್ಕಿತು. ಆ ಕಾರಿಗೆ ಸದ್ದೇ ಇರಲಿಲ್ಲವಲ್ಲ. ಬೀದಿಯ ಜನ, ಎಮ್ಮೆ, ಕೋಳಿ ಯಾರೂ ದಾರಿ ಬಿಡುತ್ತಿರಲಿಲ್ಲ. ಸಂತೆಗೆ ಹೊರಟ ಒಬ್ಬ ಮುದುಕ ತಿರುಗಿ ನೋಡಿದಾಗ ಬೆನ್ನ ಹಿಂದೆಯೇ ಗಾಜಿನ ಪೆಟ್ಟಿಗೆಯಲ್ಲಿ ಒಬ್ಬ ಹೆಂಗಸು ಕೂತಿರುವುದನ್ನು ಕಂಡು, ದೇವಿಯೇ ಬಂದಳೆಂದು ಕೈಮುಗಿದುಬಿಟ್ಟ. ಕಾರಿಗೆ ಗಂಟೆಯೊಂದು ಇತ್ತು. ನಾನು ಒತ್ತಲು ಹೋದೆ. ಗೌರಿ ಕೈ ತಳ್ಳಿದಳು: "ಬೆಲ್ಲು ಒತ್ತಬ್ಯಾಡಿ, ಅದ್ಕೂ ಕರೆಂಟು ಖರ್ಚು. ನೀವು ಸುಮ್ನೆ ಕೂತಿದೀರಲ್ಲ, ಕೂಗಿ." ಹೀಗೆ ಕಾರಿನ ಯಜಮಾನನಾದ ನಾನು ಕಿಟಕಿಯಿಂದ ತಲೆ ಹೊರಹಾಕಿ "ವಳಿ ವಿಡು! ದಾರಿ ಬಿಡ್ರಪ್ಪಾ!" ಎಂದು ಎರಡು ಭಾಷೆಯಲ್ಲಿ ಕೂಗುವ ಕೆಲಸಕ್ಕೆ ಸೇರಿದೆ.

ಇದೆಲ್ಲ ಆಟವಾಗಿಯೇ ಇದ್ದುಬಿಡುತ್ತಿತ್ತೋ ಏನೋ. ಆದರೆ ಆ ಹೊತ್ತಿಗೆ ಮೇಚೇರಿಯಿಂದ ದೊಡ್ಡಮ್ಮನ ಸುದ್ದಿ ಬಂತು. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಒಬ್ಬಳೇ ಅಕ್ಕ. ಕಣ್ಣಿಗೆ ಪೊರೆ ಬಂದು, ಈಗ ಮನೆಯವರ ಗುರುತನ್ನೂ ದನಿಯಿಂದಲೇ ಹಿಡಿಯುತ್ತಿದ್ದರು. ಅದೇ ಹೊತ್ತಿಗೆ ಮದರಾಸಿನಿಂದ ಕಣ್ಣಿನ ದೊಡ್ಡ ಡಾಕ್ಟರೊಬ್ಬರು ಸೇಲಂಗೆ ಬಂದು ಕೆಲವು ದಿನ ಇದ್ದು ಪೊರೆ ತೆಗೆಯುತ್ತಾರೆ ಎಂದು ಗೊತ್ತಾಯಿತು. ಅವರು ಹೋದರೆ ಮತ್ತೆ ಬರುವುದು ಎಂದೋ. ದೊಡ್ಡಮ್ಮ ಮಾತ್ರ ಬಸ್ಸು ಹತ್ತಲಾರೆ ಎಂದು ಕೂತಿದ್ದರು. ಪೆಟ್ರೋಲ್ ವಾಸನೆ ಮೂಗಿಗೆ ಬಿದ್ದರೆ ಅವರಿಗೆ ವಾಂತಿ. ನನ್ನ ಅಮ್ಮನಿಗೂ ಅದೇ. ಹಿಂದೊಮ್ಮೆ ಅಮ್ಮನನ್ನು ಬಸ್ಸು ಹತ್ತಿಸಿ ಮೇಚೇರಿಗೆ ಹೊರಡಿಸಿದ್ದೆವು. ಊರ ಗಡಿ ದಾಟುವುದರೊಳಗೆ ಇಳಿದು, ಮನೆಗೆ ನಡೆದು ಬಂದಿದ್ದರು. ಎತ್ತಿನ ಗಾಡಿಯ ಕುಲುಕಾಟ ಇಬ್ಬರ ಸೊಂಟಕ್ಕೂ ಆಗದು. ಹಾಗಾಗಿ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳೇ ಆಗಿದ್ದವು. ಸುದ್ದಿ ತಂದವನ ಕೈಲಿ ದೊಡ್ಡಮ್ಮ ಹೇಳಿಕಳಿಸಿದ್ದು ಇಷ್ಟು: "ಪುಟ್ಟಿ ಬಂದು ಕರ್ಕೊಂಡೋದ್ರೆ ಬತ್ತೀನಿ. ಇಲ್ದಿದ್ರೆ ಇಂಗೇ ಇರ್ತೀನಿ." ಪುಟ್ಟಿ ಎಂದರೆ ನನ್ನ ಅಮ್ಮ, ತಲೆಯೆಲ್ಲ ನರೆತ ಪುಟ್ಟಿ.

ಅಮ್ಮ ಆ ದಿನ ಊಟ ಮಾಡಲಿಲ್ಲ. ಸಂಜೆ ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಬಂದು, ಮೂಗು ಹತ್ತಿರ ತಂದು ಮೂಸಿ ನೋಡಿದರು. "ಲೇ ವೆಂಕಟಾ, ಇದು ಮೇಚೇರಿಗಂಟ ಓಗ್ತೈತೇನ್ಲಾ?"

ಭವಿಷ್ಯ ಹೇಳುವವನಿಗೆ ವರ್ತಮಾನದ ಪ್ರಶ್ನೆ ಕೇಳಿದರೆ ಹೀಗೇ ಆಗುವುದು. ನಾನು ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಅಷ್ಟು ದೂರ ಅದು ಹೋದದ್ದೇ ಇರಲಿಲ್ಲ. ಹೋದರೂ ಬರುವುದಕ್ಕೆ ಮೇಚೇರಿಯಲ್ಲಿ ಕರೆಂಟು ಎಲ್ಲಿಂದ? ನಾನು ಇನ್ನೂ ಲೆಕ್ಕ ಹಾಕುತ್ತಿರುವಾಗ ಗೌರಿಯೇ ಹೇಳಿದಳು: "ಓಗ್ತೈತೆ ಅತ್ತೆ. ನಾಳೆ ಓಗಾನ."

ನಸುಕಿನಲ್ಲಿ ಹೊರಟೆವು. ಗೋವಿಂದಣ್ಣ ಮೋಟರ್ ಸೈಕಲ್ ಒದ್ದು ಎಬ್ಬಿಸಿ ಹಿಂದೆಯೇ ಬಂದ. ಯಾಕೆಂದು ಕೇಳಿದರೆ, "ನೀನು ನಡುದಾರೀಲಿ ನಿಲ್ಲೋದನ್ನ ನೋಡಕ್ಕೆ" ಎಂದ. ವಾಸನೆ ಅಮ್ಮನಿಗೆ ಬರದಿರಲೆಂದು ಅವನನ್ನು ದೂರ ಇರಿಸಿದೆವು. ಓಮಲೂರಿನವರೆಗೆ ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಅಮ್ಮ ಗಾಜಿನ ಆಚೆಯ ಹೊಲ, ಕುರಿಮಂದೆ, ಬಾವಿಯ ಹತ್ತಿರದ ಹೆಂಗಸರು ಎಲ್ಲವನ್ನೂ ಮದುವೆಯ ದಿಬ್ಬಣ ನೋಡಿದಂತೆ ನೋಡುತ್ತಿದ್ದರು. ಆಮೇಲೆ ಏರು ಇಳಿತ ಶುರುವಾಯಿತು. ಕಾರು ಏರಿನಲ್ಲಿ ಉಸಿರು ಹಿಡಿದ ಮುದುಕಿಯಂತೆ ಮೆಲ್ಲಮೆಲ್ಲನೆ ಹತ್ತಿತು. ಗೌರಿ ನನ್ನ ಕಡೆ ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಆ ನೋಟದ ಅರ್ಥ ಗೊತ್ತಾಗದೆ ಇರುತ್ತದೆಯೆ? ಇಳಿದೆ. ನನ್ನ ಭಾರ ಕಳೆದದ್ದೇ ತಡ, ಕಾರು ಸಲೀಸಾಗಿ ಹತ್ತಿ ಮೇಲೆ ಹೋಗಿ ನಿಂತಿತು. ಆ ದಿನ ಮೇಚೇರಿಯ ದಾರಿಯಲ್ಲಿ ಎಷ್ಟು ಏರುಗಳಿವೆ ಎಂಬುದನ್ನು ನನ್ನಷ್ಟು ಚೆನ್ನಾಗಿ ಯಾರೂ ತಿಳಿದಿರಲಾರರು.

ಮೇಚೇರಿಯ ಸಂತೆ ಮೈದಾನ ಕಂಡಿತು, ದೊಡ್ಡಮ್ಮನ ಮನೆಯ ಬೇವಿನಮರ ಕಂಡಿತು, ಆ ಮರದ ಬುಡಕ್ಕೆ ಬಂದು ಕಾರು ನಿಂತಿತು. ಗೌರಿ ನಿಲ್ಲಿಸಿದ್ದಲ್ಲ, ಅದೇ ನಿಂತದ್ದು. ಹಿಡಿ ಮುಂದಕ್ಕೆ ನೂಕಿದರೂ ಅಲುಗಲಿಲ್ಲ. ಆದರೆ ಅದನ್ನು ಯಾರೂ ಗಮನಿಸಲಿಲ್ಲ. ದೊಡ್ಡಮ್ಮ ಬಾಗಿಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದರು. ಅಮ್ಮ ಇಳಿದು ಹೋಗಿ ಮಾತಾಡದೆ ಅವರ ಕೈ ಹಿಡಿದರು. ದೊಡ್ಡಮ್ಮ ಆ ಕೈಯನ್ನು ಸವರಿ, ಬಳೆ ಎಣಿಸಿ, ಮುಖ ಮುಟ್ಟಿ, "ಪುಟ್ಟೀ! ಬಸ್ಸಿನ ಸದ್ದೇ ಇಲ್ಲ, ಗಾಡಿ ಸದ್ದೂ ಇಲ್ಲ. ಎಂಗೆ ಬಂದ್ಯೇ? ನಡ್ಕೊಂಡು ಬಂದ್ಯಾ?" ಎಂದರು. "ನಿನ್ ಮಗ ವೆಂಕಟ ಬಂದವ್ನೆ ಅಕ್ಕ ನಡ್ಕೊಂಡು. ನಾನು ಕೂತ್ಕೊಂಡು ಬಂದೆ" ಎಂದರು ಅಮ್ಮ.

ಗೋವಿಂದಣ್ಣ ಬೇವಿನಮರಕ್ಕೆ ಒರಗಿ ಬೀಡಿ ಹಚ್ಚಿದ. "ಸರಿ. ಬಂದ್ರಿ. ಇನ್ನು ಓಗೋದು ಎಂಗೆ? ಹುಣಸೆಮರದಲ್ಲಿ ಕಂಬ ಐತಾ ನೋಡು." ಡಾಕ್ಟರು ಇನ್ನು ಸ್ವಲ್ಪ ದಿನವಷ್ಟೇ ಇರುವುದು. ನನಗೆ ಅಳುವೇ ಬರುವಂತಾಯಿತು. ಆಗ ಸಂತೆ ಮೈದಾನದ ಕಡೆಯಿಂದ ಟಕಟಕ ಎಂಬ ಎಂಜಿನ್ನಿನ ಸದ್ದು ಕೇಳಿಸಿತು. ಗೌರಿ ಕಿವಿ ನಿಮಿರಿಸಿದಳು. ಸಂತೆಯ ದಿನಗಳಿಗೆಂದು ಅಲ್ಲೊಂದು ಟೆಂಟ್ ಸಿನಿಮಾ ಬಂದಿತ್ತು. ಸಿನಿಮಾ ಎಂದರೆ ಡೈನಮೋ. ನಾವಿಬ್ಬರೂ ಓಡಿದೆವು.

ಟೆಂಟಿನ ಯಜಮಾನ ಅರುಣಾಚಲಂ ದಪ್ಪ ಮೀಸೆಯ ಮನುಷ್ಯ. ನಾನು ಕರೆಂಟಿನ ಭವಿಷ್ಯದಿಂದ ಶುರುಮಾಡಿದೆ. ಅವನು ಆಕಳಿಸಿದ. ಗೌರಿ ನನ್ನನ್ನು ಪಕ್ಕಕ್ಕೆ ಸರಿಸಿ, ದೊಡ್ಡಮ್ಮನ ಕಣ್ಣಿನ ವಿಷಯ ತಮಿಳಿನಲ್ಲಿ ನಾಲ್ಕೇ ಮಾತಲ್ಲಿ ಹೇಳಿದಳು. "ಅಯ್ಯೋ ಪಾವಂ" ಎಂದು ಅವನು ಎದ್ದೇಬಿಟ್ಟ. ಆದರೆ ಒಂದು ಷರತ್ತು ಹಾಕಿದ: ಕಾರನ್ನು ತಳ್ಳಿ ತಂದು ಟೆಂಟಿನ ಬಾಗಿಲಲ್ಲೇ ನಿಲ್ಲಿಸಬೇಕು, ಬಂದವರಿಗೆಲ್ಲ ತೋರಿಸಬೇಕು. ಮೇಚೇರಿಯ ಕುರಿ ವ್ಯಾಪಾರಿಗಳೆಲ್ಲ ಸೇರಿ ತಳ್ಳಿದರು. ಸಂಜೆಯ ಹೊತ್ತಿಗೆ "ಪೆಟ್ರೋಲ್ ಕುಡಿಯದ ವಂಡಿ" ನೋಡಲು ಸುತ್ತಣ ಹಳ್ಳಿಗಳಿಂದೆಲ್ಲ ಜನ ಬಂದರು. ನಾನು ಪೆಟ್ಟಿಗೆಯ ಮೇಲೆ ನಿಂತು ಮಾತಾಡಿದೆ. ಬದುಕಿನಲ್ಲಿ ಮೊದಲ ಸಲ ನನ್ನ ಮಾತಿಗೆ ಟಿಕೆಟ್ ಇತ್ತು.

ಗೋವಿಂದಣ್ಣ ಟೆಂಟಿನ ಡೈನಮೋ ಎಂಜಿನ್ನಿಗೆ ಎಣ್ಣೆ ಸುರಿಯುವುದನ್ನು ನೋಡುತ್ತ ನಿಂತಿದ್ದವನು ನನ್ನ ಭಾಷಣದ ನಡುವೆಯೇ ಕೂಗಿದ: "ಲೇ, ನಿನ್ ಕಾರು ಎಣ್ಣೆ ಕುಡಿಯಲ್ಲ, ನಿಜ. ಅದರ ಬದಲು ಕುಡಿಯೋಕೆ ಈ ಎಂಜಿನ್ನನ್ನ ಇಟ್ಕೊಂಡೈತೆ!" ಜನ ಹೋ ಎಂದು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡುವುದು, ಮಾತು ನಿಜವಾಗಿತ್ತು. ಮೇಟ್ಟೂರಿನ ನೀರಿನಿಂದ ಕರೆಂಟು ಬಂದ ಮೇಲೆ ಆ ತೊಂದರೆಯೂ ಇರುವುದಿಲ್ಲ ಎಂದು ಹೇಳಿದೆ. ಮೇಟ್ಟೂರು ಅಲ್ಲಿಗೆ ಕೂಗಳತೆ ದೂರ. ಆದರೆ ನೀರು ಅಲ್ಲಿತ್ತು, ಕರೆಂಟು ಇಲ್ಲಿರಲಿಲ್ಲ.

ಸಿನಿಮಾ ಶುರುವಾಯಿತು. ಅಮ್ಮ ದೊಡ್ಡಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ತೆರೆಯ ಮೇಲಿನದನ್ನೆಲ್ಲ ಹೇಳುತ್ತಿದ್ದರು. ರಾಜಕುಮಾರ ತೋಟದಲ್ಲಿ ನಿಂತು ಹಾಡಲು ತೊಡಗಿದ. ಹೊರಗೆ ಕಾರು ಅದೇ ಡೈನಮೋದಿಂದ ಕರೆಂಟು ಎಳೆಯುತ್ತಿತ್ತು. ರಾಜಕುಮಾರನ ಸ್ವರ ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ಬಾವಿಯೊಳಗಿಂದ ಕೋಣ ಕೂಗಿದಂತಾಯಿತು. ತೆರೆಯ ಮೇಲೆ ಅವನ ಮುಖವೂ ಕತ್ತಲಾಯಿತು. ಜನ ಸಿಳ್ಳೆ ಹಾಕುವುದರೊಳಗೆ ದೊಡ್ಡಮ್ಮ ಗಟ್ಟಿಯಾಗಿ ಹೇಳಿದರು: "ಪಾಪ, ಆ ಹುಡುಗನ್ಗೆ ಶೀತ ಆಗೈತೆ. ಯಾರಾದ್ರೂ ಒಂಚೂರು ಶುಂಠಿ ಕಷಾಯ ಕೊಡ್ರಲಾ." ಟೆಂಟೇ ಹಾರಿಹೋಗುವಂತೆ ನಗು. ಅರುಣಾಚಲಂ ಓಡಿಬಂದು ಕಾರಿನ ತಂತಿ ಕಿತ್ತ. ರಾಜಕುಮಾರ ಗುಣವಾದ. ಸಿನಿಮಾ ಮುಗಿದ ಮೇಲೆ ಟೆಂಟಿನ ಯಜಮಾನನೇ ಎಂಜಿನ್ನನ್ನು ನಮಗಾಗಿ ಓಡಲು ಬಿಟ್ಟ. ಬೆಳಗಾಗುವ ಹೊತ್ತಿಗೆ ಬ್ಯಾಟರಿ ತುಂಬಿತ್ತು.

ಬರುವಾಗಿನ ದಾರಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಕ್ಕತಂಗಿಯರು ಮೆತ್ತೆಯ ಮೇಲೆ ಮೈಗೆ ಮೈ ಒತ್ತಿ ಕೂತು, ಬಿಟ್ಟುಹೋದ ವರ್ಷಗಳನ್ನೆಲ್ಲ ಮಾತಾಡಿದರು. ಯಾರೂ ದನಿ ಎತ್ತಬೇಕಾಗಿರಲಿಲ್ಲ. ಬಸ್ಸಿನಲ್ಲಾದರೆ ಕೂಗಿದರೂ ಕೇಳಿಸದು. ದೊಡ್ಡಮ್ಮ ನಡುನಡುವೆ ಮಾತು ನಿಲ್ಲಿಸಿ, "ಇದು ಕುರಿಮಂದೆ ಗಂಟೆ. ಇಲ್ಲಿ ಯಾರೋ ಎತ್ತು ಕಟ್ಟಿ ಬಾವೀಲಿ ಕಪಿಲೆ ಒಡೀತಾವ್ರೆ. ಪುಟ್ಟೀ, ನೀರು ಬೀಳೋ ಸದ್ದು ಕೇಳ್ತಾ?" ಎನ್ನುತ್ತಿದ್ದರು. ಅವರಿಗೆ ವಾಂತಿಯಾಗಲಿಲ್ಲ. ಒಂದು ಊರಿನ ಹತ್ತಿರ ನಿದ್ದೆಯನ್ನೂ ಮಾಡಿದರು. ಅದೆಲ್ಲ ನನಗೆ ಗೊತ್ತಾದದ್ದು ಆಮೇಲೆ ಗೌರಿಯಿಂದ. ದೊಡ್ಡಮ್ಮ ಹತ್ತಿದ ಮೇಲೆ ನನ್ನ ಜಾಗ ಹೋಯಿತು. ನಾನು ಗೋವಿಂದಣ್ಣನ ಮೋಟರ್ ಸೈಕಲ್ಲಿನ ಹಿಂದೆ, ಅವನ ಸೊಂಟ ಹಿಡಿದುಕೊಂಡು, ಹೊಗೆ ಕುಡಿಯುತ್ತ ಸೇಲಂ ಸೇರಿದೆ. ಅವನು ದಾರಿಯುದ್ದಕ್ಕೂ ಹಾಡುತ್ತಿದ್ದ.

ಕಣ್ಣಿನ ಕೆಲಸ ಚೆನ್ನಾಗಿ ಆಯಿತು. ತಲೆ ಅಲುಗಿಸದೆ ಮಲಗಿರಬೇಕು ಎಂದಿದ್ದರು. ಅಮ್ಮ ಪಕ್ಕದಲ್ಲಿ ಕೂತು ತಲೆಯನ್ನು ಹಿಡಿದುಕೊಂಡೇ ಇದ್ದರು. ಕಟ್ಟು ಬಿಚ್ಚಿದ ದಿನ ದೊಡ್ಡಮ್ಮ ಬೆಳಕಿಗೆ ಕಣ್ಣು ಕಿರಿದು ಮಾಡಿ, ಮೆಲ್ಲನೆ ತೆರೆದು, ಎದುರಿಗಿದ್ದ ಮುಖವನ್ನು ತುಂಬ ಹೊತ್ತು ನೋಡಿದರು. "ಪುಟ್ಟೀ, ನಿನ್ ತಲೆ ಎಲ್ಲಾ ಬೆಳ್ಳಗಾಗೈತಲ್ಲೇ!"

"ನಿಂದೇನು ಕರ್ರಗೈತಾ?" ಎಂದರು ಅಮ್ಮ. ಇಬ್ಬರೂ ನಕ್ಕು ನಕ್ಕು ಅಳತೊಡಗಿದರು. ಡಾಕ್ಟರು ಅಳಬಾರದು ಎಂದು ಗದರಿಸಿದರೆ ಅದಕ್ಕೂ ನಕ್ಕರು.

ದಪ್ಪ ಗಾಜಿನ ಕನ್ನಡಕ ಬಂದ ಮೇಲೆ ದೊಡ್ಡಮ್ಮನನ್ನು ಹಿಡಿಯುವವರೇ ಇಲ್ಲವಾಯಿತು. ಮೊರಪ್ಪೂರಿನ ಹತ್ತಿರದ ಹಳ್ಳಿಯಲ್ಲಿದ್ದ ತಮ್ಮನನ್ನು ನೋಡಬೇಕು ಎಂದು ಅಕ್ಕತಂಗಿಯರು ಒಟ್ಟಿಗೆ ಹಟ ಹಿಡಿದರು. ರೈಲಿನಲ್ಲಿ ಹೋಗಿ ಎಂದರೆ, ಕಾರು ಇಟ್ಟುಕೊಂಡವರು ರೈಲಿನಲ್ಲಿ ಹೋಗುತ್ತಾರೇನು ಎಂದರು. ಅಷ್ಟು ದೂರ ಬ್ಯಾಟರಿ ಬಾರದು ಎಂದು ನಾನು ವಿವರಿಸಿದೆ. ಗೌರಿ ಆಗಲೇ ವಿಚಾರಿಸಿಯಾಗಿತ್ತು: ಅರುಣಾಚಲಂ ಟೆಂಟು ಈಗ ದಾರಿಯಲ್ಲೇ ಬೊಮ್ಮಿಡಿಯಲ್ಲಿ ಬೀಡುಬಿಟ್ಟಿದೆ, ಅಲ್ಲಿ ಒಂದು ರಾತ್ರಿ ಇದ್ದು ತುಂಬಿಸಿಕೊಳ್ಳಬಹುದು. "ಗುಡ್ಡದ ದಾರಿ. ಭಾರ ಕಮ್ಮಿ ಇರ್ಬೇಕು. ನೀವು ನಾಳೆ ರೈಲಲ್ಲಿ ಬನ್ನಿ, ಮೊರಪ್ಪೂರು ಸ್ಟೇಷನ್ನಲ್ಲಿ ಕೂತಿರಿ. ಅಲ್ಲಿಂದ ಕರ್ಕೊಂಡೋಗ್ತೀವಿ" ಎಂದಳು.

ಹಾಗೆ ನಾನು ಮೊರಪ್ಪೂರಿನ ಸ್ಟೇಷನ್ನಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಹುಣಸೆಹಣ್ಣಿನ ವ್ಯಾಪಾರಿಯೊಬ್ಬ ಇದ್ದ. ಎಲ್ಲಿಗೆ ಎಂದು ಕೇಳಿದ. ಅಷ್ಟು ಸಾಕಾಯಿತು. ಕರೆಂಟು ಕಾರಿನ ಭವಿಷ್ಯ ಹೇಳಿದೆ. ಮನೆಮನೆಗೂ ಬರುತ್ತದೆ ಎಂದೆ. ಅವನು ಬಾಯಿಬಿಟ್ಟು ಕೇಳುತ್ತಿದ್ದ. ಇಂಥ ಕೇಳುಗ ಸಿಕ್ಕಾಗ ಮಾತು ತಾನಾಗಿ ಉದ್ದವಾಗುತ್ತದೆ. ಓಡಿಸುವುದು ಕಷ್ಟವಲ್ಲವೆ ಎಂದು ಕೇಳಿದ. "ಕಷ್ಟವೇ. ಎಲ್ಲರ ಕೈಲಿ ಆಗೋದಲ್ಲ. ಮೇಚೇರಿಯ ಏರುಗಳಿವೆ ನೋಡಿ, ಅಲ್ಲಿ ಹಿಡಿಯನ್ನ ಹಿಡಿದು ಕೂತರೆ ತೋಳು ಬಿದ್ದುಹೋಗುತ್ತೆ. ಆದರೂ ನಾನು ಒಂದು ಕಡೆಯೂ ನಿಲ್ಲಿಸದೆ ಓಡಿಸಿದೆ. ಹೆಂಗಸರು ಒಳಗೆ ನಿದ್ದೆ ಮಾಡ್ತಾ ಇದ್ದರು ಅಂದರೆ ನೀವೇ ಲೆಕ್ಕ ಹಾಕಿ" ಎಂದೆ.

ವ್ಯಾಪಾರಿ ನನ್ನ ಮುಖ ನೋಡುವುದು ಬಿಟ್ಟು ನನ್ನ ಹೆಗಲ ಆಚೆ ನೋಡುತ್ತಿದ್ದ. ಅವನ ಮೀಸೆ ಅಲುಗುತ್ತಿತ್ತು. ನಾನು ಮೆಲ್ಲನೆ ತಿರುಗಿದೆ. ಬೆಂಚಿನ ಹಿಂದೆಯೇ ಕಾರು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ. ಗಾಜು ಇಳಿಸಿಕೊಂಡು ಗೌರಿ ಹಿಡಿಯ ಮೇಲೆ ಗದ್ದ ಊರಿ ಕೂತಿದ್ದಳು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ದೊಡ್ಡಮ್ಮ ಮಾತ್ರ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ನನ್ನನ್ನು ದಿಟ್ಟಿಸಿ ನೋಡಿ ಹೇಳಿದರು: "ಡಾಕ್ಟ್ರು ಒಳ್ಳೇ ಕೆಲಸ ಮಾಡವ್ರೆ ಕಣೇ ಪುಟ್ಟೀ. ಇಲ್ಲಿಂದ್ಲೇ ಇವನ ಮಕ ಕೆಂಪಾಗಿದ್ದು ಎಷ್ಟು ಚೆನ್ನಾಗಿ ಕಾಣ್ತೈತೆ!"